ಗುಂಡವ್ವನ ದಕ್ಷಿಣದ ಬಾಗಿಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಹಂಚಿ ನೋಡು ಎನ್ನುವುದೊಂದನ್ನು ಬಿಟ್ಟರು. ಪಾಪ, ಅವರ ಕಾಲಕ್ಕೆ ಚೀಟಿ ಎತ್ತಿಸಿ ಮನೆ ಕೊಡುವ ಕಚೇರಿ ಇರಲಿಲ್ಲ. ಇದ್ದಿದ್ದರೆ ಸಿಂದಗಿಯ ಗುಂಡವ್ವನನ್ನು ಕೇಳಿ ಗಾದೆ ಪೂರ್ತಿ ಮಾಡಿಕೊಳ್ಳುತ್ತಿದ್ದರು.

ಗುಂಡವ್ವ ಇಂಡಿ ಕಡೆಯ ಹಳ್ಳಿಯವಳು, ಹತ್ತೊಂಬತ್ತಕ್ಕೆ ಮದುವೆಯಾಗಿ ಸಿಂದಗಿಗೆ ಬಂದವಳು. ಗಂಡ ಧರ್ಮರಾಜ ಗೌಂಡಿ ಕೆಲಸದವನು. ಅವನು ಕಟ್ಟಿದ ಗೋಡೆಗೆ ದಾರ ಹಿಡಿದು ನೋಡಬೇಕಿಲ್ಲ ಎಂದು ಊರವರು ಹೇಳುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಯಾರದೋ ಮನೆ ಕಟ್ಟುವಾಗ ಎರಡನೇ ಅಂತಸ್ತಿನಿಂದ ಬಿದ್ದ. ಜೀವ ಉಳಿಯಿತು, ಸೊಂಟದ ಕೆಳಗೆ ಬಲ ಉಳಿಯಲಿಲ್ಲ. ಅಂದಿನಿಂದ ಗುಂಡವ್ವ ಜೋಳದ ರೊಟ್ಟಿ ಬಡಿದು ಬಸ್‌ಸ್ಟ್ಯಾಂಡಿನ ಖಾನಾವಳಿಗಳಿಗೆ ಕೊಡುತ್ತ ಸಂಸಾರ ಎಳೆದಳು. ಮಗಳು ಸಾಕ್ಷಿಯನ್ನು ಓದಿಸಿದಳು. ಅವಳೀಗ ಬಸವನ ಬಾಗೇವಾಡಿಯಲ್ಲಿ ಟೀಚರು. "ಮಗಳ ಮನಿಗೆ ಹೋಗಿ ಇರಬಾರದೇನ?" ಎಂದವರಿಗೆ, "ಆಕಿಗೆ ಪಗಾರ ಬಂದೈತಿ, ನಮಗಿನ್ನೂ ಮುಪ್ಪು ಬಂದಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅವರ ಬಾಡಿಗೆ ಮನೆ ಒಂದು ಸಂದಿಯ ತುದಿಗೆ, ಐದು ಕಲ್ಲುಮೆಟ್ಟಿಲ ಮೇಲೆ ಇತ್ತು. ಧರ್ಮರಾಜನಿಗೆ ಸರ್ಕಾರ ಕೊಟ್ಟ ಮೂರು ಗಾಲಿಯ ಕೈ ಸೈಕಲ್ಲು ಮೆಟ್ಟಿಲ ಕೆಳಗೆ ತುಕ್ಕು ಹಿಡಿಯುತ್ತಿತ್ತು. ಇವನು ಮೆಟ್ಟಿಲ ಮೇಲೆ ಕೂತು ಅದನ್ನು ನೋಡುತ್ತಿದ್ದ. ಒಂಬತ್ತು ವರ್ಷದಲ್ಲಿ ಅವನು ಹೊರಗೆ ಹೋದದ್ದೆಲ್ಲ ಆಸ್ಪತ್ರೆಗೆ, ಅದೂ ಇನ್ನೊಬ್ಬರ ಹೆಗಲ ಮೇಲೆ. ಹೀಗಾಗಿ ಬಡವರಿಗೆ ಮನೆ ಬರುತ್ತವೆ ಎಂದಾಗ ಗುಂಡವ್ವ ಮೊದಲ ದಿನವೇ ಅರ್ಜಿ ಕೊಟ್ಟಳು. ಅವಳಿಗೆ ಬೇಕಾಗಿದ್ದದ್ದು ಅರಮನೆಯಲ್ಲ, ಗಂಡ ತಾನಾಗಿಯೇ ದಾಟಬಹುದಾದ ಒಂದು ಹೊಸ್ತಿಲು.

ದೇವರ ಹಿಪ್ಪರಗಿ ರಸ್ತೆಗೆ ಹೊಸ ಕಟ್ಟಡ ಎದ್ದಿತು. ಕೆಳಗೆ ಎಂಟು, ಮೇಲೆ ಎಂಟು, ಅದರ ಮೇಲೆ ಎಂಟು ಮನೆ. ಚೀಟಿ ಎತ್ತುವ ದಿನ ಗುಂಡವ್ವ ಕೈ ಹಾಕಿ ತೆಗೆದದ್ದು ಇಪ್ಪತ್ತೆರಡನೇ ನಂಬರು, ಎರಡನೇ ಮಹಡಿ. ಕೀಲಿಕೈ ಅಂದೇ ಕೊಟ್ಟರು, ಬಹಳ ಜನ ಮರುದಿನವೇ ಗಂಟುಮೂಟೆ ತಂದು ಸೇರಿಕೊಂಡರು. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಇವಳಿಗೆ ಅಲ್ಲೇ ಕೂತು ಅಳಬೇಕೆನಿಸಿತು.

ಮರುದಿನವೇ ಕಚೇರಿಗೆ ಹೋದಳು. ಮನೆಗಳ ವಿಷಯ ನೋಡುತ್ತಿದ್ದವರು ಪರಮಾನಂದ ಎಂಬ ಸಾಹೇಬರು, ಮುದ್ದೇಬಿಹಾಳದಿಂದ ಆಗಷ್ಟೇ ವರ್ಗವಾಗಿ ಬಂದವರು.

"ಸಾಹೇಬ್ರ, ನಮ್ಮ ಮನಿಯವರಿಗೆ ಕಾಲಾಗ ಬಲ ಇಲ್ರಿ. ನಮಗ ಕೆಳಗಿನ ಮನಿ ಕೊಡ್ರಿ."

ಸಾಹೇಬರು ಕಾಗದ ತಿರುವಿದರು. "ಮನಿ ನಿಮ್ಮ ಹೆಸರಿಗೈತಿ. ಫಲಾನುಭವಿ ನೀವು. ನಿಮ್ಮ ಕಾಲು ನೆಟ್ಟಗ ಅದಾವಲ್ಲ?"

ಹೆಂಗಸಿನ ಹೆಸರಿಗೆ ಮನೆ ಕೊಡುವುದು ಒಳ್ಳೆಯ ಪದ್ಧತಿಯೇ, ನಾನೇನೂ ಬೇಡ ಅನ್ನುವುದಿಲ್ಲ. ಆದರೆ ಆ ಹೆಸರಿನ ಹಿಂದೆ ಒಬ್ಬ ಗಂಡ ಕುರ್ಚಿಯಲ್ಲಿ ಕೂತಿದ್ದಾನೆ ಎಂದು ಬರೆಯಲು ಆ ಅರ್ಜಿಯಲ್ಲಿ ಜಾಗ ಇರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ. ಸಾಹೇಬರು ಕೆಟ್ಟವರಲ್ಲ, ಕಾಗದದಲ್ಲಿ ಇಲ್ಲದ್ದು ಅವರ ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೇ.

"ಕೆಳಗಿನವ್ರು ಯಾರರೆ ಒಪ್ಪಿ ಬರದುಕೊಟ್ರ ಅದಲುಬದಲು ಮಾಡಾಕ ಬರ್ತೈತಿ," ಎಂದರು ಅವರು. "ಹತ್ತು ದಿನದಾಗ ತರ್ರಿ. ಆಮ್ಯಾಲ ಹಕ್ಕುಪತ್ರ ಆಗಿಬಿಡ್ತಾವ, ನನ್ನ ಕೈಯಾಗ ಏನೂ ಉಳಿಯೂದಿಲ್ಲ."

ಗುಂಡವ್ವ ಕೆಳಗಿನ ಮನೆಯವರನ್ನೆಲ್ಲ ಕೇಳಿದಳು. ಒಬ್ಬರಿಗೆ ಆಡು ಕಟ್ಟಬೇಕು, ಒಬ್ಬರಿಗೆ ಅಂಗಡಿ ಇಡಬೇಕು, ಒಬ್ಬರು ಹೆಂಡತಿಯನ್ನು ಕೇಳಬೇಕು, ಹೆಂಡತಿ ಗಂಡನನ್ನು ಕೇಳಬೇಕು. ಏಳು ಮನೆಯಲ್ಲಿ ಚಹಾ ಸಿಕ್ಕಿತು, ಮನೆ ಸಿಗಲಿಲ್ಲ. ಎಂಟನೆಯದಕ್ಕೆ ಬೀಗ ಹಾಕಿತ್ತು. ಅಲ್ಲಿಗೆ ನಾಲ್ಕು ದಿನ ಹೋದವು.

ಐದನೇ ದಿನ ರೊಟ್ಟಿ ಬಡಿಯುತ್ತಿದ್ದಾಗ ಅವಳ ತಲೆಗೆ ಒಂದು ಮಾತು ಹೊಳೆಯಿತು. ತಾನು ಕೇಳುವ ಪ್ರಶ್ನೆಯೇ ತಪ್ಪು. ನಿಮ್ಮ ಮನೆ ನನಗೆ ಕೊಡಿ ಎಂದರೆ ಯಾರು ಕೊಟ್ಟಾರು? ಅಂದಿನಿಂದ ಮೇಲೂ ಕೆಳಗೂ ಇಪ್ಪತ್ಮೂರು ಮನೆಯವರನ್ನು ಹುಡುಕಿಕೊಂಡು ಹೋಗಿ, "ನಿಮ್ಮ ಹೊಸಾ ಮನ್ಯಾಗ ನಿಮಗ ಏನ್ ಸೇರೂದಿಲ್ಲ?" ಎಂದು ಕೇಳತೊಡಗಿದಳು. ಮನೆ ಕೇಳಿದರೆ ಬಾಗಿಲು ಮುಂದೆ ಮಾಡುವ ಜನ ದೂರು ಕೇಳಿದರೆ ಚಾಪೆ ಹಾಸುತ್ತಾರೆ. ಎರಡು ದಿನದಲ್ಲಿ ಆ ಕಟ್ಟಡದ ಹೊಟ್ಟೆಯೊಳಗಿನ ಸಂಕಟವೆಲ್ಲ ಇವಳ ಕಿವಿಗೆ ಬಿತ್ತು.

ಮೊದಲನೇ ಮಹಡಿಯ ಜೈತುನಬಿಯ ಗಂಡ ಯಾಕೂಬಸಾಬ ಹತ್ತಿ ಹಿಂಜಿ ಗಾದಿ ಕಟ್ಟುವವನು. "ಅರಳಿ ಬಿಸಲಿಗೆ ಹಾಕಾಕ ಮಾಳಗಿ ಬೇಕ ಗುಂಡಕ್ಕಾ," ಎಂದಳು ಜೈತುನಬಿ. "ದಿನಾ ಮೂಟಿ ಹೊತ್ತು ಮ್ಯಾಲ ಹೋಗೂದು, ಇಳಿಯೂದು. ಮಾಳಗಿ ಹತ್ತರ ಮನಿ ಸಿಕ್ಕಿದ್ರ ಪುಣ್ಯಾ ಬರ್ತಿತ್ತು." ಗುಂಡವ್ವನ ಎರಡನೇ ಮಹಡಿಯ ಬಾಗಿಲಿಂದ ತಾರಸಿಯ ಮಾಳಿಗೆಗೆ ಹನ್ನೆರಡೇ ಮೆಟ್ಟಿಲು.

ಕೆಳಗಿನ ಬೀಗ ಹಾಕಿದ ಮನೆ ಶೇವಂತೆವ್ವನದು. ಅವಳು ಇನ್ನೂ ಹಳೆಯ ಓಣಿಯಲ್ಲೇ ಇದ್ದಳು, ಹೊಸ ಕೀಲಿಕೈ ಮೊಳೆಗೆ ನೇತುಬಿದ್ದಿತ್ತು. "ಬಾಗಲಾ ದಕ್ಷಿಣಕ್ಕೈತೆವ್ವಾ, ಯಮನ ದಿಕ್ಕಿಗೆ," ಎಂದು ಪಿಸುಗುಟ್ಟಿದಳು. "ಜ್ವಾಪಡಿ ಪಾಡ, ಆ ಮನಿ ಬ್ಯಾಡ. ಮೂಡಣದ ಬಾಗಲಾ ಆದ್ರ ಮೊದಲನೇ ಅಂತಸ್ತಿಗೆ ಬೇಕಾದ್ರೂ ಏರತೇನಿ. ಅದರ ಮ್ಯಾಲ ನನ್ನ ಮೊಣಕಾಲ ಒಪ್ಪೂದಿಲ್ಲ." ಮೊದಲನೇ ಮಹಡಿಯ ಜೈತುನಬಿಯ ಬಾಗಿಲು ಮೂಡಣಕ್ಕೇ ಇತ್ತು.

ಗುಂಡವ್ವ ಅಲ್ಲಿಯೇ ಕೂತು ಬೆರಳು ಮಡಿಚಿದಳು. ನನ್ನದು ಜೈತುನಬಿಗೆ, ಜೈತುನಬಿಯದು ಶೇವಂತೆವ್ವನಿಗೆ, ಶೇವಂತೆವ್ವನದು ನನಗೆ. ಆ ಲೆಕ್ಕವನ್ನು ಶೇವಂತೆವ್ವನ ಮುಂದೆಯೂ ಬಿಚ್ಚಿಟ್ಟಳು.

"ನಿನಗ ಅಂಜಿಕಿ ಇಲ್ಲೇನ ಆ ಬಾಗಲದ್ದು?" ಎಂದಳು ಶೇವಂತೆವ್ವ.

"ನಮ್ಮ ಮನ್ಯಾಗ ಗ್ವಾಡಿ ಮ್ಯಾಲ ಬುದ್ಧಪ್ಪನ ಫೋಟೊ ಐತೆಕ್ಕಾ. ಅಂವ ಕಣ್ಣು ಮುಚ್ಚಿ ಸಮಾಧಾನದಿಂದ ಕುಂತಾಂವ, ಬಾಗಲಾ ಯಾ ಕಡಿಗಿದ್ರ ಅವಂಗೇನು? ಇನ್ನ ಯಮನ ಮಾತಂದ್ರ, ನಮ್ಮನಿಯವರನ್ನ ಒಮ್ಮಿ ಒಯ್ಯಾಕ ಬಂದು ಬಿಟ್ಟು ಹೋಗ್ಯಾನ. ಪರಿಚಯದಾಂವ."

ಮೂವರು ಹೆಂಗಸರೂ ಎಂಟನೇ ದಿನ ಕಚೇರಿಯಲ್ಲಿ ಹಾಜರು. ಪರಮಾನಂದ ಸಾಹೇಬರು ಫಾರ್ಮು ತೆಗೆದು ಮೇಜಿನ ಮೇಲೆ ಇಟ್ಟರು. ಅದರಲ್ಲಿ ಎರಡೇ ಹೆಸರಿಗೆ ಎರಡೇ ಗೆರೆ.

"ಅದಲುಬದಲು ಅಂದ್ರ ಇಬ್ಬರದ್ದು. ಮೂವರದ್ದು ಪದ್ಧತಿ ಇಲ್ಲ. ಒಬ್ಬರಿಗೆ ಒಮ್ಮಿ ಅಷ್ಟ ಅವಕಾಶ, ಹಂಗಾಗಿ ಎರಡು ಸಲ ಮಾಡಾಕೂ ಬರೂದಿಲ್ಲ."

"ಹಂಗಾದ್ರ ಏನ್ ಮಾಡೂದ್ರಿ?"

"ಸ್ಥಳ ಪರಿಶೀಲನಾ ಮಾಡಿ, ವರದಿ ಬರದು, ಮ್ಯಾಲಿನವರಿಗೆ ಕಳಸಬೇಕು."

"ಹಂಗಾದ್ರ ನಾಳಿಗೇ ಬರ್ರಿ ಸಾಹೇಬ್ರ. ರೊಟ್ಟಿ ಮಾಡಿರ್ತೇನಿ."

ಸಾಹೇಬರಿಗೆ ರೊಟ್ಟಿಯ ಆಸೆಯೋ, ಇವಳ ಕಾಟ ತಪ್ಪಿದರೆ ಸಾಕೆಂಬ ಆಸೆಯೋ, ಹೇಳಿದ ಹೊತ್ತಿಗೆ ಬಂದರು. ಹೊಸ ಕಟ್ಟಡದ ಮೆಟ್ಟಿಲ ಬುಡದಲ್ಲಿ ಧರ್ಮರಾಜ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ. ಎತ್ತಲು ಬರಬೇಕಾದ ಯಾಕೂಬಸಾಬ ಅವತ್ತು ಅದೇನೋ ತುರ್ತು ಕೆಲಸಕ್ಕೆ ಹೋಗಿದ್ದ. ಏನು ಕೆಲಸ ಎಂದು ಜೈತುನಬಿಗೂ ಗೊತ್ತಿಲ್ಲವಂತೆ, ಗುಂಡವ್ವನಿಗಂತೂ ಮೊದಲೇ ಗೊತ್ತಿಲ್ಲ.

"ಮನಿ ಅಷ್ಟ ನೋಡಿದ್ರ ಪರಿಶೀಲನಾ ಆಗೂದಿಲ್ರಿ, ಇರಾವ್ರನ್ನೂ ಕರಕೊಂಡ ನೋಡಬೇಕು," ಎಂದಳು ಗುಂಡವ್ವ. "ಈ ಕಡಿ ನಾ ಹಿಡೀತೇನಿ. ಆ ಕಡಿ ನೀವು ಹಿಡೀರಿ."

ಎರಡೂ ಮಹಡಿಯ ಕಟಾಂಜನಕ್ಕೆ ಒರಗಿ ಜನ ಬಗ್ಗಿ ನೋಡುತ್ತಿದ್ದರು. ಸಾಹೇಬರಿಗೆ ಒಲ್ಲೆ ಅನ್ನಲು ಬಾಯಿ ಬರಲಿಲ್ಲ. ಚೀಲ ಜೈತುನಬಿಯ ಕೈಗೆ ಕೊಟ್ಟು ಕುರ್ಚಿಯ ಕಾಲು ಹಿಡಿದರು. ನಾಲ್ಕು ಮೆಟ್ಟಿಲಿಗೆ ಏದುಸಿರು ಬಿಟ್ಟರು, ಎಂಟಕ್ಕೆ ಅಂಗಿ ತೊಯ್ಯಿತು. ಧರ್ಮರಾಜ ಮಾತ್ರ ಕುರ್ಚಿಯಿಂದಲೇ ಕೆಲಸದ ತಪ್ಪು ಎಣಿಸುತ್ತಿದ್ದ.

"ಪಾವಟಿಗಿ ಎಂಟು ಇಂಚು ಮಾಡ್ಯಾರ್ರಿ. ಆರಕ್ಕ ಇಡಬೇಕಿತ್ತು. ನಾ ಆಗಿದ್ರ ಹಿಂಗ ಮಾಡತಿದ್ದಿಲ್ಲ. ಸಾಹೇಬ್ರ, ಹುಷಾರ್ರಿ, ಇದೊಂದು ಓರಿ ಐತಿ."

ಮೊದಲನೇ ಮಹಡಿ ಬಂತು. ಸಾಹೇಬರು ಕುರ್ಚಿ ಇಳಿಸಿ ಮೆಟ್ಟಿಲ ಮೇಲೆ ಕುಕ್ಕರಿಸಿದರು. ಜೈತುನಬಿ ನೀರು ಕೊಟ್ಟಳು.

"ಇನ್ನ ಎಷ್ಟೈತಿ?"

"ಅರ್ಧಾ ಆತ್ರಿ," ಎಂದಳು ಗುಂಡವ್ವ.

ಸಾಹೇಬರು ಧರ್ಮರಾಜನ ಕಡೆ ನೋಡಿದರು. "ದಿನಾ ಹಿಂಗ ಏರಿಸಿ ಇಳಿಸ್ತಾರೇನು ನಿಮ್ಮನ್ನ?"

"ದಿನಾ ಯಾರು ಎತ್ತತಾರ್ರಿ?" ಎಂದ ಧರ್ಮರಾಜ, ತೀರ ಸಹಜವಾಗಿ. "ಒಮ್ಮಿ ಏರಿಸಿದ್ರ ಮುಗೀತು. ಮತ್ತ ಇಳಿಸೂದು ನಾ ಸತ್ತಾಗ."

ಗುಂಡವ್ವನಿಗೂ ಆ ಮಾತು ಹೊಸದು. ಅವಳು ಅತ್ತ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಸಾಹೇಬರು ಚೀಲ ಕೇಳಿ ತೆಗೆದುಕೊಂಡು, ಫಾರ್ಮನ್ನು ತೊಡೆಯ ಮೇಲೆ ಹಾಸಿದರು. ಎರಡು ಗೆರೆಯ ಕೆಳಗೆ ಪೆನ್ನಿನಿಂದ ಮೂರನೇ ಗೆರೆ ಎಳೆದರು. ಸ್ಕೇಲು ಇರಲಿಲ್ಲ, ಗೆರೆ ಸೊಟ್ಟಗಾಯಿತು.

"ಮೂವರೂ ಸಹಿ ಮಾಡ್ರಿ," ಎಂದರು. "ಮ್ಯಾಲಿನವರಿಗೆ ಉತ್ತರ ನಾ ಕೊಡ್ತೇನಿ. ಕೇಳಿದ್ರ ಅವರನ್ನೂ ಇಲ್ಲಿಗೇ ಕಳಸ್ತೇನಿ, ಕುರ್ಚಿ ಎತ್ತಾಕ."

ಕಟಾಂಜನದಲ್ಲಿ ನಿಂತವರು ಹೋ ಎಂದು ನಕ್ಕರು. ಸಹಿ ಆದವು. ಅವತ್ತು ಸಾಹೇಬರು ಎಷ್ಟು ರೊಟ್ಟಿ ಉಂಡರು ಎಂದು ಇಂದಿಗೂ ಆ ಕಟ್ಟಡದಲ್ಲಿ ವಾದ ನಡೆಯುತ್ತದೆ. ಮೇಲಿನವರ ಮಂಜೂರಾತಿ ಮುಂದಿನ ವಾರ ಬಂತು. ಒಂದೇ ದಿನ ಮೂರು ಮನೆಯ ಸಾಮಾನು ಮೇಲೆ ಕೆಳಗೆ ಓಡಾಡಿತು. ಯಾಕೂಬಸಾಬನ ಅರಳೆ ಮಾಳಿಗೆ ಏರಿತು, ಶೇವಂತೆವ್ವ ಮೂಡಣದ ಬಾಗಿಲಿಗೆ ತೋರಣ ಕಟ್ಟಿದಳು.

ಗುಂಡವ್ವನ ದಕ್ಷಿಣದ ಬಾಗಿಲ ಮುಂದೆ ಮಾತ್ರ ಎರಡು ಮೆಟ್ಟಿಲಿದ್ದವು. ಅವನ್ನು ಯಾರಿಂದ ಸರಿಮಾಡಿಸಲಿ ಎಂದು ಅವಳು ಯೋಚಿಸುವಷ್ಟರಲ್ಲಿ ಧರ್ಮರಾಜ ನೆಲಕ್ಕೆ ಇಳಿದು ಕೂತಿದ್ದ. "ಕಲಸಿ ಕೊಡು," ಎಂದ. ಒಂಬತ್ತು ವರ್ಷದ ನಂತರ ಕೈಗೆ ಗಾರೆ ಮೆತ್ತುವ ಕರಣಿ ಬಂದಿತ್ತು. ಗುಂಡವ್ವ ಸಿಮೆಂಟು ಕಲಸಿ ಬುಟ್ಟಿಯಲ್ಲಿ ಹಾಕಿದಂತೆ ಹಾಕಿದಂತೆ ಅವನು ಕೂತಲ್ಲೇ ಸರಿಯುತ್ತ ಮೆಟ್ಟಿಲ ಮೇಲೆ ಇಳಿಜಾರು ಎಳೆದ. ಸಂಜೆಗೆ ಅದು ಎಷ್ಟು ನುಣುಪಾಗಿತ್ತೆಂದರೆ ಮೇಲಿನವರೆಲ್ಲ ಬಂದು ಕೈಯಾಡಿಸಿ ಹೋದರು.

ಸಿಮೆಂಟು ಗಟ್ಟಿಯಾದ ಮೇಲೆ ಒಂದು ಬೆಳಗ್ಗೆ ಎಂಟು ಗಂಟೆಗೆ ಧರ್ಮರಾಜ ತುಕ್ಕು ತೆಗೆದು ಎಣ್ಣೆ ಬಿಟ್ಟ ಸೈಕಲ್ಲಿಗೆ ರೊಟ್ಟಿಯ ಗಂಟು ಕಟ್ಟಿಸಿಕೊಂಡ.

"ನಾನೂ ಬರ್ತೇನಿ," ಎಂದಳು ಗುಂಡವ್ವ.

"ನೀ ಯಾಕ? ಬಸ್‌ಸ್ಟ್ಯಾಂಡ್ ಎಲ್ಲೈತಿ ಅಂತ ಗೊತ್ತೈತಿ ನನಗ."

ಇಳಿಜಾರಿನಲ್ಲಿ ಇಳಿದು, ರಸ್ತೆಗೆ ತಿರುಗಿ, ಹಿಂದೆ ನೋಡದೆ ಹೊರಟೇಹೋದ. ಒಂಬತ್ತಾಯಿತು, ಹತ್ತಾಯಿತು. ಗುಂಡವ್ವ ಹಿಟ್ಟು ಕಲಸಿ ಹಾಗೇ ಬಿಟ್ಟಳು. ಫೋನ್ ಮಾಡಿದರೆ ಅವನ ಫೋನು ಮನೆಯ ಅಟ್ಟಣಿಗೆಯ ಮೇಲೇ ರಿಂಗಾಯಿತು. ಹನ್ನೊಂದೂವರೆಗೆ ರಸ್ತೆಯ ಮೂಲೆಯವರೆಗೆ ಹೋಗಿ ಬಂದಳು. ಹನ್ನೆರಡಕ್ಕೆ ಬಾಗಿಲಲ್ಲೇ ನಿಂತಳು.

ಹನ್ನೆರಡೂವರೆಗೆ ಧರ್ಮರಾಜ ಬಂದ. ಗಡ್ಡ ತೆಗೆಸಿಕೊಂಡಿದ್ದ, ಬಾಯಿ ತುಂಬ ಎಲೆ ಅಡಿಕೆ ಇತ್ತು. ಹಳೆಯ ಗೌಂಡಿಗಳೆಲ್ಲ ಸಿಕ್ಕಿದ್ದರಂತೆ. ಗುಂಡವ್ವ ಸೊಂಟಕ್ಕೆ ಕೈ ಕೊಟ್ಟು, ಮೂರು ಅಂತಸ್ತಿಗೂ ಕೇಳುವಂತೆ ಬೈಯಲು ನಿಂತಳು.

"ಇಷ್ಟೊತ್ತನಕ ಎಲ್ಲಿ ಅಡ್ಡಾಡಾಕ ಹೋಗಿದ್ರಿ? ಮನ್ಯಾಗ ಒಬ್ಬಾಕಿ ಹೇಣ್ತಿ ಅದಾಳನ್ನೂದು ನೆಪ್ಪರೆ ಐತಿಲ್ಲೋ ನಿಮಗ?"

ಧರ್ಮರಾಜ ಸೈಕಲ್ಲು ನಿಲ್ಲಿಸಿ ಅವಳ ಮುಖವನ್ನೇ ನೋಡಿದ. ಅವನ ಕಣ್ಣು ತುಂಬಿದ್ದವು, ಬಾಯಿ ನಗುತ್ತಿತ್ತು.

"ಒಂಬತ್ತು ವರ್ಷ ಆತು, ಈ ಮಾತು ಕೇಳಿ," ಎಂದ. "ಇನ್ನೊಮ್ಮಿ ಬೈ."

ಗುಂಡವ್ವ ಮನಸಾರೆ ಬೈದಳು.