ಒಂದು ಪಾಯಿಂಟ್ ಏಳು

ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ಎಲ್ಲರೂ ಅವಳನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಆಳು ಕಡ್ಡಿಯಂತಿದ್ದಳು, ದೊಡ್ಡದೆಂದರೆ ಊದಿದ ಪಾದಗಳು ಮಾತ್ರ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಇಲ್ಲಿ ಅಂಗೈ ಅಗಲದ ಕೂಸುಗಳು. ಎರಡು ಕಡೆಯೂ ಯಾರನ್ನಾದರೂ ಮಗ್ಗುಲು ಬದಲಿಸಿ ಮಲಗಿಸುವುದೇ ಅವಳ ಪಾಡು.

ಬೆಳಗಿನ ತೂಕ ಅವಳ ಪಾಲಿನ ಕೆಲಸ. ಯಂತ್ರ ಬಿಂದುವಿನ ಮುಂದೆ ಮೂರು ಅಂಕಿ ತೋರಿಸುತ್ತಿತ್ತು. ಚಾರ್ಟಿನಲ್ಲಿ ಬರೆಯಬೇಕಾದದ್ದು ಒಂದೇ ಅಂಕಿ, ಹತ್ತಿರದ್ದಕ್ಕೆ ರೌಂಡ್ ಮಾಡಿ. ಬರೆದ ತೂಕ 1.8 ಕಿಲೋ ಆದರೆ ಕೂಸು ಮನೆಗೆ, ಇಲ್ಲವಾದರೆ ಇಲ್ಲೇ.

ಕಿಟಕಿ ಪಕ್ಕದ ಬಾಣಂತಿ ಆ ದಿನ ಬಟ್ಟೆಬರೆ ಕಟ್ಟಿಕೊಂಡೇ ಕೂತಿದ್ದಳು. ಕರೆದೊಯ್ಯಲು ಬಸ್ ಕಂಡಕ್ಟರ್ ಆಗಿದ್ದ ಅವಳ ಅಪ್ಪ ರಜೆ ಹಾಕಿ ಬಂದಿದ್ದ. ಯಂತ್ರ 1.746 ಎಂದಿತು.

"ಒಂದು ಪಾಯಿಂಟ್ ಏಳು," ಎಂದಳು ದೊಡ್ಡ ಸಿಸ್ಟರ್.

ಕಂಡಕ್ಟರ್ ಬಗ್ಗಿ ನೋಡಿದ. "ಅದ್ಹೇಗೆ ಸಿಸ್ಟರ್? ಕೊನೇಲಿ ಆರಿದೆ, ಅದಕ್ಕೆ ನಾಲ್ಕು ಐದಾಗುತ್ತೆ. ಐದು ಬಂದ್ಮೇಲೆ ಏಳು ಎಂಟಾಗಬೇಕಲ್ವಾ?"

"ಹಾಗೆ ಒಂದೊಂದೇ ಮೆಟ್ಟಿಲು ಹತ್ತಿಸೋ ಹಾಗಿಲ್ಲ ಅಣ್ಣ. ಒಂದೇ ಸಲ ರೌಂಡ್ ಮಾಡ್ಬೇಕು. ಏಳರ ಪಕ್ಕದ ಅಂಕಿ ಮಾತ್ರ ನೋಡೋದು. ಅಲ್ಲಿರೋದು ನಾಲ್ಕು. ಐದಿದ್ದಿದ್ರೆ ನಾನೇ ಎಂಟು ಬರೀತಿದ್ದೆ."

"ನಾಲ್ಕು ಗ್ರಾಂ ಕಮ್ಮಿ ಅಷ್ಟೇ! ಒಂದು ಗುಟುಕು ಹಾಲು!"

ಅವಳಿಗೇನು ಗೊತ್ತಿರಲಿಲ್ಲವೇ? ಪೆನ್ನು ಕೈಯಲ್ಲೇ ಇತ್ತು, ಕೇಳುವವರೂ ಇರಲಿಲ್ಲ. ಆದರೆ ಈ ಕೂಸು ಇನ್ನೂ ಹಾಲು ಚೀಪುತ್ತ ಚೀಪುತ್ತಲೇ ನಿದ್ದೆಗೆ ಜಾರುತ್ತಿತ್ತು. 1.7 ಎಂದೇ ಬರೆದಳು.

"ಸಂಜೆ ಆದ್ರೆ ನೀವು ಮನೆಗೆ ಹೋಗ್ತೀರ," ಎಂದಳು ಬಾಣಂತಿ, ಗೋಡೆಗೆ ಮುಖ ಮಾಡಿ. "ನನಗೆ ಈ ಗೋಡೆನೇ ಗತಿ."

ಮಾತು ಎದೆಗೆ ನಾಟಿತು. ಊಟದ ಹೊತ್ತಿನಲ್ಲಿ ದೊಡ್ಡ ಸಿಸ್ಟರ್ ಆ ಮಂಚದ ಬಳಿ ನಿಂತು, ಹಾಲು ಕುಡಿಯುವ ಕೂಸು ತೂಕಡಿಸಿದಾಗಲೆಲ್ಲ ಅದರ ಅಂಗಾಲು ಕೆರೆದಳು. ಬಾಣಂತಿ ಆ ಕೈಯನ್ನೇ ನೋಡುತ್ತಿದ್ದಳು.

ಮರುದಿನ ತೂಕ ಇಳಿದು 1.739 ಆಯಿತು. ಕಂಡಕ್ಟರ್ ವಾದಿಸಲಿಲ್ಲ, ಮಗಳ ತಲೆ ಸವರಿ ಡ್ಯೂಟಿಗೆ ಹೋದ. ಮಧ್ಯಾಹ್ನ ಬಾಣಂತಿ ತಾನೇ ಅಂಗಾಲು ಕೆರೆಯತೊಡಗಿದಳು. ಅದರ ಮಾರನೆಯ ಬೆಳಿಗ್ಗೆ 1.761.

"ಎಂಟು," ಎಂದಳು ದೊಡ್ಡ ಸಿಸ್ಟರ್. ದನಿಯಲ್ಲಿ ಸಂತೋಷಕ್ಕಿಂತ ಸುಸ್ತೇ ಹೆಚ್ಚಿತ್ತು.

ಹೊರಡುವಾಗ ಬಾಣಂತಿ ಕೂಸನ್ನು ಎದೆಗವಚಿಕೊಂಡು ಎದ್ದಳು. ಸ್ಟೂಲನ್ನು ಕಾಲಿನಿಂದಲೇ ದೊಡ್ಡ ಸಿಸ್ಟರ್ ಕಡೆ ಸರಿಸಿ, "ಕೂತ್ಕೊಳ್ಳಿ ಸಿಸ್ಟರ್, ಕಾಲು ನೋಡಿ ಹೇಗಾಗಿದೆ," ಎಂದಳು.

ದೊಡ್ಡ ಸಿಸ್ಟರ್ ಕೂತು, ಚಪ್ಪಲಿ ಕಳಚಿ, ತಾಯಿ, ಕೂಸು ಬಾಗಿಲು ದಾಟುವವರೆಗೂ ನೋಡಿದಳು. ಪಕ್ಕದ ಮಂಚದವಳು ಆಗಲೇ ತೂಕಕ್ಕೆಂದು ತನ್ನ ಕೂಸನ್ನು ಬಟ್ಟೆಯಿಂದ ಬಿಡಿಸುತ್ತಿದ್ದಳು.