ಕಿಟಕಿಯಿಲ್ಲದ ಮೋಟಾರು

ಮೊನ್ನೆ ಯಲ್ಲಾಪುರದ ಹತ್ತಿರದ ನಂದೊಳ್ಳಿಯ ಗಂಡನ ಮನೆಯಿಂದ ಬಂದ ಅಕ್ಕ ನನ್ನ ಒಡೆದ ಹಿಮ್ಮಡಿಗಳನ್ನು ನೋಡಿ, ಮುರುಗಲ ಬೀಜದ ತುಪ್ಪ ಕರಗಿಸಿ ಬಟ್ಟಲಲ್ಲಿ ತಂದುಕೊಟ್ಟಳು. ಜಗಲಿಯಲ್ಲಿ ಕೂತು ಹಚ್ಚಿಕೊಳ್ಳುತ್ತಿದ್ದಾಗ ಆ ವಾಸನೆಯಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸಿತು. ಉಪ್ಪು ಹಾಕಲು ಮರೆತ ಸಾರನ್ನು ಬಾಯಿಗಿಟ್ಟಾಗ ಅನ್ನಿಸುತ್ತದಲ್ಲ, ಹಾಗೆ. ಒಂದು ಕಾಲು ಮುಗಿಯುವಷ್ಟರಲ್ಲಿ ಹೊಳೆಯಿತು: ಚಿಮಣಿ ಎಣ್ಣೆ. ನನ್ನ ತಲೆಯಲ್ಲಿ ಈ ಎರಡು ವಾಸನೆಗಳೂ ಒಟ್ಟಿಗೇ ಇರಬೇಕು. ಎರಡೂ ಸೇರಿದರೆ ಅದು ಖಾದರ್ ಸಾಬರ ಕೈ.

ಖಾದರ್ ಸಾಬರು ಶಿರಸಿಯವರು. ಮೂವತ್ತರ ದಶಕದಲ್ಲಿ ಸರ್ವಿಸ್ ಮೋಟಾರು ಓಡಿಸುತ್ತಿದ್ದರು. ಬಸ್ಸಿಗೆ ಆಗ ನಾವು ಹಾಗೆ ಅನ್ನುತ್ತಿದ್ದೆವು. ಎಂಜಿನ್ನಿನ ಕೆಲಸವಾದ ಮೇಲೆ ಚಿಮಣಿ ಎಣ್ಣೆಯಲ್ಲಿ ಕೈ ತೊಳೆದು, ಚರ್ಮ ಬಿರಿಯದಿರಲೆಂದು ಮುರುಗಲ ತುಪ್ಪ ತಿಕ್ಕಿಕೊಳ್ಳುವುದು ಅವರ ರೂಢಿ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡಿದ್ದೇನೆ ಎಂದು ಮೊನ್ನೆಯವರೆಗೆ ಧೈರ್ಯವಾಗಿ ಹೇಳುತ್ತಿದ್ದೆ. ನನ್ನ ಸಾಕ್ಷ್ಯ ಎಷ್ಟರದ್ದು ಎಂಬುದು ನಿಮಗೇ ತಿಳಿಯುತ್ತದೆ, ಸ್ವಲ್ಪ ತಾಳಿ.

ಅವರಿಗೆ ಎಂಜಿನ್ನೆಂದರೆ ಜೀವ, ಪ್ಯಾಸೆಂಜರೆಂದರೆ ತಲೆನೋವು. ನಮ್ಮ ಸೀಮೆಯ ದಾರಿಯಲ್ಲಿ ಮೋಟಾರು ನಿಲ್ಲುವ ಜಾಗ ಎಂದು ಬೇರೆ ಇರಲಿಲ್ಲ. ಕೈ ಎತ್ತಿದಲ್ಲಿ ನಿಲ್ಲಬೇಕು. ಒಳಗೆ ಉಸಿರಾಡಲು ಜಾಗವಿಲ್ಲದಿದ್ದರೂ ನಿಲ್ಲಬೇಕು. ಕೈ ಎತ್ತಿದವರನ್ನು ಬಿಟ್ಟುಹೋದ ಡ್ರೈವರ್, ನಾಳೆ ಎಂಜಿನ್ ಕುದಿದಾಗ ಅದೇ ಊರಿನವರ ಹತ್ತಿರ ಒಂದು ಕೊಡ ನೀರು ಕೇಳುವುದು ಹೇಗೆ? ಹಾಗಾಗಿ ಖಾದರ್ ಸಾಬರು ಕೋಳಿಗಳಿಗೆ, ಬೆಲ್ಲದ ಡಬ್ಬಗಳಿಗೆ, ವಾಂತಿ ಮಾಡುವ ನೆಂಟರಿಗೆ ಎಲ್ಲ ನಿಲ್ಲಿಸಿ ನಿಲ್ಲಿಸಿ ಬೇಸತ್ತಿದ್ದರು. "ಎಂಜಿನ್ನು ಆಡೋದು ಒಂದೇ ಮಾತು, ಬಿ.ಎ. ಸಾಹೇಬ್ರೆ. ಮನುಷ್ಯರ ಹಾಗೆ ನೂರು ಆಡೋದಿಲ್ಲ" ಎಂದಿದ್ದರು ನನಗೆ.

ಬಿ.ಎ. ಸಾಹೇಬ ನಾನೇ. ಧಾರವಾಡದಲ್ಲಿ ಓದು ಮುಗಿಸಿ, ದೇವರಿಂದ ಹಿಡಿದು ಅಜ್ಜನ ವಯಸ್ಸಿನವರೆಗೆ ಎಲ್ಲವನ್ನೂ ಅನುಮಾನಿಸಲು ಕಲಿತು, ನೌಕರಿಯೊಂದು ಬಿಟ್ಟು ಉಳಿದದ್ದೆಲ್ಲ ಸಿಕ್ಕಿ ಊರಿಗೆ ಮರಳಿದ್ದೆ. ಖಾದರ್ ಸಾಬರ ಯೋಚನೆಯೊಂದನ್ನು ಮಾತ್ರ ಯಾಕೋ ಅನುಮಾನಿಸಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ನಡುವೆ ಕೆಟ್ಟುನಿಂತ ಮೋಟಾರುಗಳ ಬಳಿಗೇ ರಿಪೇರಿಯ ಹತ್ಯಾರ ಹೊತ್ತು ಹೋಗುವ ಇನ್ನೊಂದು ಮೋಟಾರು. ನಾನು ಪಾಲುದಾರನಾದೆ.

ವಾಹನ ಹುಡುಕಲು ತಿರುಗಿದ್ದು ನೆನಪಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಕಲಸಿಹೋಗಿದೆ. ಯಲ್ಲಾಪುರದ ವ್ಯಾಪಾರಿಯೊಬ್ಬರ ಹತ್ತಿರ ಹಳೇ ಲಾರಿಯಿತ್ತು. ಬಿಳಗಿಯ ಜಮೀನ್ದಾರರ ಕೊಟ್ಟಿಗೆಯಲ್ಲಿ ಒಂದು ಕಾರು, ಅದರ ಹಿಂದಿನ ಸೀಟಿನಲ್ಲಿ ಕಾವಿಗೆ ಕೂತ ಕೋಳಿ. ಲಾರಿ ವಿಪರೀತ ಪೆಟ್ರೋಲು ಕುಡಿಯುತ್ತದೆ ಎಂದದ್ದು ನಾನೋ ಅವರೋ. ಅಂತೂ ಕಾರನ್ನು ತೆಗೆದುಕೊಂಡೆವು. ಮರಿ ಮಾಡುವವರೆಗೆ ಕೋಳಿಯನ್ನು ಎಬ್ಬಿಸಬಾರದು ಎಂದು ಜಮೀನ್ದಾರರ ಹೆಂಡತಿ ಹಟ ಹಿಡಿದದ್ದರಿಂದ ನಮ್ಮ ವ್ಯವಹಾರ ಕೆಲವು ದಿನ ತಡವಾಗಿ ಶುರುವಾಯಿತು.

ಕಾರಿನ ಹಿಂಭಾಗ ಕೊಯ್ದು ಮರದ ಗೂಡು ಕಟ್ಟಿಸಿದೆವು. ಆ ಗೂಡಿಗೆ ಕಿಟಕಿ ಬೇಡ, ಬೆಂಚೂ ಬೇಡ ಎಂಬುದು ನನ್ನ ಸಿದ್ಧಾಂತ. ಕೂರುವ ಜಾಗ ಕಂಡರೆ ತಾನೇ ಜನ ಕೈ ಎತ್ತುವುದು? ಖಾದರ್ ಸಾಬರು ಗಡ್ಡ ತುರಿಸಿಕೊಂಡು, "ಗಾಳಿ?" ಎಂದರು. "ಪಾನಾಗಳಿಗೆ ಗಾಳಿ ಯಾಕೆ?" ಎಂದೆ. ನಟ್ಟು ಬಿಚ್ಚುವ ಸಾಮಾನಿಗೆ ಉಸಿರಾಟವಿಲ್ಲ ಎಂಬ ತರ್ಕ ಕೇಳಿ ಅವರು ಬಡಗಿಗೆ ಹಲಗೆ ಹೊಡೆಯಲು ಹೇಳಿದರು.

ಹತ್ಯಾರ ಕೊಳ್ಳಲು ಹುಬ್ಬಳ್ಳಿಗೆ ಹೋದೆವು. ನಾನು ಪುಸ್ತಕದಲ್ಲಿ ಕಂಡದ್ದೆಲ್ಲ ಬೇಕೆಂದೆ, ಅವರು ಅಂಗಡಿಯಲ್ಲಿ ಕಂಡದ್ದೆಲ್ಲ ಬೇಕೆಂದರು. ಪಾನಾ, ಸುತ್ತಿಗೆ, ಪಂಪು, ಆನೆಯನ್ನೂ ಎತ್ತಬಹುದಾದ ಒಂದು ಜಾಕು. ಎಲ್ಲವನ್ನೂ ತುಂಬಿದ ಹಲಸಿನ ಹಲಗೆಯ ಪೆಟ್ಟಿಗೆ ಗೂಡಿನ ನೆಲವನ್ನು ಹೆಚ್ಚುಕಡಿಮೆ ಪೂರ್ತಿ ಹಿಡಿಯಿತು. ಜನ ಅದನ್ನು ಪೆಟ್ಟಿಗೆ ಮೋಟಾರು ಎಂದರು. ಬಣ್ಣ ಹಸಿರು. ಅಥವಾ ನೀಲಿ.

ಸರ್ವಿಸ್ ಮೋಟಾರುಗಳ ಮಾಲೀಕರೊಬ್ಬರು, ಆ ದಾರಿಗಳಲ್ಲಿ ಹೆಚ್ಚಿನವು ಅವರವೇ, ಮೊದಲು ಒಂದು ರಿಪೇರಿ ಮಾಡಿ ತೋರಿಸಿ, ಆಮೇಲೆ ನನ್ನ ಎಲ್ಲ ಮೋಟಾರು ನಿಮ್ಮ ಕೈಗೆ ಎಂದಿದ್ದರು. ಅದೊಂದು ಗಿಟ್ಟಿದರೆ ಖಾದರ್ ಸಾಬರು ಇನ್ನು ಜನ್ಮದಲ್ಲಿ ಪ್ಯಾಸೆಂಜರನ್ನು ಹತ್ತಿಸಬೇಕಾಗಿರಲಿಲ್ಲ. ಅವರಿಗೆ ಬೇಕಾದದ್ದು ಅಷ್ಟೇ.

ಕರೆ ಬಂತು. ಯಲ್ಲಾಪುರದಿಂದ ಶಿರಸಿಗೆ ಬರುವ ಮೋಟಾರು ಸ್ಪ್ರಿಂಗಿನ ಪಾಟಾ, ಅಂದರೆ ಉಕ್ಕಿನ ಪಟ್ಟಿ, ಮುರಿದು ದಾರಿಯಲ್ಲಿ ಮಗ್ಗುಲಿಗೆ ಒರಗಿ ನಿಂತಿದೆ ಎಂದು. ಇಲ್ಲಿಂದ ಮುಂದಿನದು ನಾನು ಎಷ್ಟೋ ವರ್ಷಗಳಿಂದ ಕಂಡಕಂಡಲ್ಲಿ ಹೇಳಿ ಜನರನ್ನು ನಗಿಸಿದ ಕಥೆ. ಖಾದರ್ ಸಾಬರು ಓಡಿಸುತ್ತಿದ್ದಾರೆ, ಪಕ್ಕದಲ್ಲಿ ನಾನು. ನಮ್ಮನ್ನು ಕಂಡದ್ದೇ ಆ ಕೆಟ್ಟ ಮೋಟಾರಿನ ಜನರೆಲ್ಲ ಕೈ ಎತ್ತಿದರು. ಯಾರೋ ಒಬ್ಬ ಹೆಂಗಸು ದೊಡ್ಡ ಗಂಟು ಅಪ್ಪಿಕೊಂಡು ದಾರಿ ಬದಿ ಕೂತಿದ್ದಳು. ಖಾದರ್ ಸಾಬರಿಗೆ ದಾಕ್ಷಿಣ್ಯ. ಹತ್ಯಾರದ ಪೆಟ್ಟಿಗೆಯನ್ನೇ ಕೆಳಗಿಳಿಸಿ, ಜನರನ್ನು ಹತ್ತಿಸಿಕೊಂಡು ಶಿರಸಿಗೆ ತಿರುಗಿಬಿಟ್ಟರು! ಹತ್ಯಾರ ಅಲ್ಲಿ, ಮೆಕ್ಯಾನಿಕ್ ಇಲ್ಲಿ. ಅವರು ಮತ್ತೆ ಹೋಗುವಷ್ಟರಲ್ಲಿ ಮಾಲೀಕರು ಎತ್ತು ಕಟ್ಟಿ ಮೋಟಾರನ್ನು ಎಳೆಸಿಕೊಂಡು ಹೋಗಿದ್ದರು. ಪೆಟ್ಟಿಗೆ ಮಾತ್ರ ದಾರಿಯಲ್ಲಿ ಇವರಿಗಾಗಿ ಕಾಯುತ್ತಿತ್ತು.

"ಮೋಟಾರು ರಿಪೇರಿ ಮಾಡು ಅಂದ್ರೆ ನನ್ನ ಪ್ಯಾಸೆಂಜರ್ರನ್ನೇ ಎತ್ಕೊಂಡು ಬಂದ್ಯಲ್ಲೋ" ಎಂದರು ಮಾಲೀಕರು. ಆಮೇಲೆ ಅವರು ಕರೆಯಲಿಲ್ಲ. ಅವರು ಕರೆಯದ್ದರಿಂದ ಬೇರೆಯವರೂ ಕರೆಯಲಿಲ್ಲ. ಖಾದರ್ ಸಾಬರು ಗೂಡಿನಲ್ಲಿ ಬೆಂಚು ಕೂರಿಸಿ, ಕಿಟಕಿ ಕೊಯ್ಯಿಸಿ, ಶಿರಸಿ–ಸಿದ್ದಾಪುರದ ನಡುವೆ ಪ್ಯಾಸೆಂಜರನ್ನು ಹೊರತೊಡಗಿದರು, ಕೊನೆಯವರೆಗೂ. ಅವತ್ತು ಯಾಕೆ ಪೆಟ್ಟಿಗೆ ಇಳಿಸಿದಿರಿ ಎಂದು ಒಮ್ಮೆ ಕೇಳಿದ್ದೆ. ಕೈಗೆ ತುಪ್ಪ ತಿಕ್ಕುತ್ತ, "ಕೈ ಎತ್ತಿದ್ರು, ನಿಲ್ಸ್ದೆ" ಎಂದಿದ್ದರು.

ಮೊನ್ನೆ ಜಗಲಿಯಲ್ಲಿ ಕೂತು ಅಕ್ಕನಿಗೂ ಇದೇ ಕಥೆ ಹೇಳಿದೆ. ಅವಳಿಗೆ ಹಿಂದೆ ಹೇಳಿರಲಿಲ್ಲ ಎಂಬುದೇ ಆಶ್ಚರ್ಯ. ಗಂಟಿನ ಹೆಂಗಸಿನ ಹತ್ತಿರ ಬಂದಾಗ ಎಲ್ಲರೂ ನಗುತ್ತಾರೆ. ಅಕ್ಕ ನಗಲಿಲ್ಲ.

"ತಮಾ, ನೀ ಅಲ್ಲಿ ಎಲ್ಲಿದ್ದಿದ್ದೆ? ನೌಕರಿ ಹುಡುಕ್ತಿ ಹೇಳಿ ಧಾರವಾಡಕ್ಕೆ ಹೋಗಿದ್ದೆ" ಎಂದಳು.

ನಿಂಗೆ ಹ್ಯಾಂಗೆ ಗೊತ್ತು ಎಂದೆ.

"ಆ ಹೆಂಗಸು ಆನೇ" ಎಂದು ತನ್ನ ಎದೆ ಮುಟ್ಟಿ ತೋರಿಸಿದಳು. "ಅದು ಗಂಟಲ್ಲ, ಹೊಟ್ಟೆಲಿ ರಾಘವ ಇದ್ದಿದ್ದ."

ಬಟ್ಟಲು ನನ್ನ ಕೈಯಲ್ಲೇ ಉಳಿಯಿತು. ಚೊಚ್ಚಲ ಬಾಣಂತನಕ್ಕೆಂದು ತನ್ನ ಮಾವನ ಜೊತೆ ತವರಿಗೆ ಹೊರಟವಳಿಗೆ, ಮೋಟಾರು ಕೆಟ್ಟ ಜಾಗದಲ್ಲೇ ನೋವು ಬಂದಿತ್ತಂತೆ. ಖಾದರ್ ಸಾಬರು ಅವಳ ಗುರುತು ಹಿಡಿದರಂತೆ. ಮಲಗಲು ಜಾಗವಾಗಲೆಂದು ಪೆಟ್ಟಿಗೆ ಇಳಿಸಿ, ತಮ್ಮ ಕಂಬಳಿ ಹಾಸಿ, ನಾಲ್ಕು ಹೆಂಗಸರನ್ನು ಜೊತೆಗೆ ಕೂರಿಸಿ, ಅಲುಗದ ಹಾಗೆ ಮನೆಗೆ ತಂದು ಮುಟ್ಟಿಸಿದರಂತೆ. ಅವಳ ಹಿರಿಯ ಮಗ ರಾಘವ ಹುಟ್ಟಿದ್ದು ಅದೇ ದಿನ. ಸಾಬರ ಕಂಬಳಿಯ ಮೇಲೆ ಮಲಗಿ ಬಂದದ್ದನ್ನು ಯಾರ ಮುಂದೆಯೂ ಆಡಬೇಡ ಎಂದು ನಮ್ಮನ್ನು ಹೆತ್ತ ಆಯಿ ಅವಳ ಬಾಯಿ ಕಟ್ಟಿದ್ದಳು. ಅಕ್ಕ ಆಡಲಿಲ್ಲ. ಖಾದರ್ ಸಾಬರಿಗೆ ಬಾಯಿ ಕಟ್ಟಿದವರು ಯಾರು? ನನಗೆ ಒಂದು ಮಾತು ಹೇಳಬಹುದಿತ್ತಲ್ಲ. ಹೇಳಿದ್ದರೆ ನಾನು ಅವರಿಗೆ ಋಣಿಯಾಗುತ್ತಿದ್ದೆ. ಅದು ಬೇಡವೆಂದು ನಗೆಪಾಟಲಾಗಿಯೇ ಉಳಿದರೋ? ಕೇಳೋಣವೆಂದರೆ ಅವರು ತೀರಿಹೋಗಿ ಎಷ್ಟೋ ಕಾಲವಾಯಿತು.

ಹಾಗಾದರೆ ಅವರ ಪಕ್ಕದಲ್ಲಿ ಕೂತು ನಾನು ಕಂಡ ದಾರಿ ಯಾವುದು? ಈಗಲೂ ಕಣ್ಣು ಮುಚ್ಚಿದರೆ ಆ ಎತ್ತಿದ ಕೈಗಳು ಸ್ಪಷ್ಟವಾಗಿ ಕಾಣುತ್ತವೆ. ಬೇರೆಯವರ ಬಾಯಿಂದ ಕೇಳಿದ್ದನ್ನು ಹೇಳಿ ಹೇಳಿ ನಾನೇ ಒಳಗೆ ಹತ್ತಿ ಕೂತಿರಬೇಕು. ನನಗೂ ಅವರು ನಿಲ್ಲಿಸಿದರೆಂದು ಕಾಣುತ್ತದೆ.

ಒಳಗೆ ಹೇಗಿತ್ತು ಎಂದು ಅಕ್ಕನನ್ನು ಕೇಳಿದೆ.

"ಎಂತ ಹೇಳವು? ಹಿಂದಿನ ಬಾಗ್ಲು ತೆಗೆದೇ ಇಟ್ಟಿದ್ದ, ಇಲ್ದಿದ್ರೆ ಉಸ್ರು ಕಟ್ತಿತ್ತು. ಒಂದು ಕಿಟಕಿ ಇತ್ತಿಲ್ಲೆ. ಯಾವ ಪುಣ್ಯಾತ್ಮ ಮಾಡ್ಸಿದ್ನೋ ಅದ್ನ."

ಯಾರೋ ಬಿ.ಎ. ಆದವನಿರಬೇಕು ಎಂದೆ. ಬಣ್ಣ ಹಸಿರೋ ನೀಲಿಯೋ ಎಂದು ಕೇಳಲಿಲ್ಲ. ಆರಿದ ತುಪ್ಪವನ್ನು ಇನ್ನೊಂದು ಹಿಮ್ಮಡಿಗೆ ತಿಕ್ಕತೊಡಗಿದೆ.