ಸಾಹೇಬರ ಪೆಟ್ಟಿಗೆ ಕೊನೆಗೆ

ಕಂಪ್ಯೂಟರ್ ಅಂದರೆ ನನಗೆ ಈಗಲೂ ಮೊದಲು ನೆನಪಾಗುವುದು ಮಂಡ್ಯದ ನಮ್ಮ ನೀರಾವರಿ ಕಚೇರಿಯಲ್ಲಿದ್ದ ಒಂದು ಸ್ಪ್ರಿಂಗ್ ಬಾಗಿಲು. ಅದರಾಚೆ ಸಾಹೇಬರು ಕೂರುತ್ತಿದ್ದರು. ಬಾಗಿಲು ತಳ್ಳುವ ಮೊದಲು ಅಂಗೈಯ ಬೆವರನ್ನು ಸೆರಗಿಗೆ ಒರೆಸಿಕೊಳ್ಳುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಎಪ್ಪತ್ತರ ದಶಕದ ಮಾತು. ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಅಲ್ಲಿ ಹಂಗಾಮಿಯಾಗಿ ಸೇರಿದ್ದೆ. ನಾಲೆಯ ನೀರನ್ನು ಯಾವ ಊರಿಗೆ ಯಾವಾಗ ಬಿಡಬೇಕೆಂಬ ಲೆಕ್ಕವನ್ನು ಯಂತ್ರದ ಕೈಲಿ ಮಾಡಿಸಬೇಕೆಂದು ಸಾಹೇಬರ ಆಸೆ. ಯಂತ್ರ ಇದ್ದದ್ದು ಬೆಂಗಳೂರಿನಲ್ಲಿ. ಅಲ್ಲಿಯವರು ಸರದಿ ಕೊಟ್ಟ ದಿನ ಹೋಗಬೇಕು. ಲೆಕ್ಕವನ್ನು ಮೂರು ಭಾಗ ಮಾಡಿದ್ದರು. ನಾಲೆಯಲ್ಲಿ ಎಷ್ಟು ನೀರು ಹರಿಯುತ್ತದೆ ಎಂಬುದು ಮಳವಳ್ಳಿಯ ಕಿರಿಯ ಇಂಜಿನಿಯರ್ ಪಾಲು. ಭತ್ತಕ್ಕೆಷ್ಟು, ಕಬ್ಬಿಗೆಷ್ಟು ಬೇಕು ಎಂಬುದು ಮದ್ದೂರಿನವರದು. ಈ ಎರಡನ್ನೂ ಕರೆದು ಕೇಳಿ ತೀರ್ಮಾನ ಹೇಳುವ ದೊಡ್ಡ ಭಾಗ ಸಾಹೇಬರೇ ಬರೆದದ್ದು. ಒಂದೊಂದು ಭಾಗವೂ ತೂತು ಹೊಡೆದ ಕಾರ್ಡುಗಳ ಒಂದೊಂದು ಪೆಟ್ಟಿಗೆ.

ನನ್ನ ಪಾಲಿಗೆ ಬಂದದ್ದು ಒಂದು ಹಿಡಿ ಕಾರ್ಡು. ಅಪ್ಪಣೆ ಕಾರ್ಡು ಅಂತ ನಾವೇ ಇಟ್ಟುಕೊಂಡ ಹೆಸರು. ಯಾವ ಪೆಟ್ಟಿಗೆಯನ್ನು ಮೊದಲು ಓದಿ ಯಂತ್ರದ ಭಾಷೆಗೆ ತಿರುಗಿಸಬೇಕು, ಎಲ್ಲಿ ಇಟ್ಟುಕೊಳ್ಳಬೇಕು, ಕೊನೆಗೆ ಯಾವುದನ್ನು ಯಾವುದಕ್ಕೆ ಗಂಟು ಹಾಕಬೇಕು ಎಂದು ಯಂತ್ರಕ್ಕೆ ಹೇಳುವ ಕಾರ್ಡುಗಳು ಅವು.

"ಕ್ರಮ ಗೊತ್ತಲ್ಲ? ಮೊದಲು ನಮ್ಮದು, ಆಮೇಲೆ ಮದ್ದೂರು, ಆಮೇಲೆ ಮಳವಳ್ಳಿ" ಎಂದಿದ್ದರು ಸಾಹೇಬರು. ಮೀಟಿಂಗಿನಲ್ಲಿ ಕಾಫಿ ಬರುತ್ತಿದ್ದದ್ದೂ ಅದೇ ಕ್ರಮದಲ್ಲಿ. ಯಾರಿಗೂ ತಪ್ಪೆನಿಸಲಿಲ್ಲ, ನನಗೂ.

ಮೊದಲ ಸಲ ಯಂತ್ರ ಒಂದು ಸಾಲು ಅಚ್ಚು ಹಾಕಿ ನಿಂತುಬಿಟ್ಟಿತು: ಕರೆದ ಭಾಗ ಸಿಗಲಿಲ್ಲ. ಎರಡನೆಯ ಸಲವೂ ಅದೇ. ಸಾಹೇಬರು ಆ ಹಾಳೆಯನ್ನು ಮೇಜಿನ ಮೇಲಿಟ್ಟು ಪೆನ್ನಿನ ತುದಿಯಿಂದ ತಟ್ಟುತ್ತಾ, "ಇನ್ನು ಒಂದೇ ಸರದಿ ಇರೋದು. ಅದೂ ಹೋದರೆ ಈ ಕೆಲಸ ಮುಚ್ಚಿಬಿಡ್ತೀನಿ. ಜೊತೆಗೆ ನಿಮ್ಮ ಹುದ್ದೆಯೂ ಹೋಗುತ್ತೆ, ತಿಳೀತಾ?" ಅಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. ಹುದ್ದೆ ಹೋದರೆ ಬೆಳಕವಾಡಿಗೆ ವಾಪಸ್ಸು. ಅಲ್ಲಿ ಚಿಕ್ಕಪ್ಪ ನನ್ನ ಜಾತಕ ಹಿಡಿದು ಕೂತಿದ್ದರು.

ಯಂತ್ರದ ಕೈಪಿಡಿ ತೆಗೆದು ಕೂತೆ. ಕಾರಣ ಸಿಕ್ಕಿತು. ಸಾಹೇಬರ ಭಾಗ ಉಳಿದೆರಡನ್ನು ಕರೆಯುತ್ತದೆ. ಕರೆದಾಗ ಅವು ಆಗಲೇ ತಯಾರಾಗಿ ಒಳಗೆ ಕೂತಿರಬೇಕು. ಚಿಕ್ಕವು ಮೊದಲು, ಸಾಹೇಬರದು ಕೊನೆಗೆ. ಇದನ್ನು ಅವರಿಗೆ ಹೇಳುವವರು ಯಾರು?

ಮೀಟಿಂಗಿಗೆ ಬಂದಿದ್ದ ಮಳವಳ್ಳಿಯ ಇಂಜಿನಿಯರನ್ನು ವರಾಂಡದಲ್ಲಿ ಹಿಡಿದು, ನೀವೇ ಹೇಳಿ ಎಂದು ಬೇಡಿಕೊಂಡೆ.

"ನಾನಾ? ಅಯ್ಯೋ ಬುಡಮ್ಮ ತಾಯಿ! ನಿಮ್ದು ಕೊನೆಗೆ ಅಂತ ಅವರ್ಗೆ ನಾನ್ ಯೋಳುದ್ರೆ, ಬೆಳಿಗ್ಗೆ ಒತ್ಗೆ ನನ್ನ ಬೀದರ್‌ಗೆ ಆಕ್ತಾರೆ ಅಷ್ಟೆ."

ಸಂಜೆ ಬಾಡಿಗೆ ಮನೆಯಲ್ಲಿ ಅಜ್ಜಿ ಅವರೆಕಾಳು ಹಿದುಕುತ್ತಾ ಕೂತಿದ್ದಳು. ನನಗೆ ಕಾವಲಿಗೆಂದು ಊರಿನಿಂದ ಬಂದವಳು. ನಾನು ಅನ್ನ ಕಲಸಿ ಹಾಗೇ ಕೂತದ್ದು ನೋಡಿ ಗದರಿಸಿ ಕೇಳಿದಳು. ಹೇಳಿದೆ.

"ಅಲ್ಲ ಕಣವ್ವ, ದಿಬ್ಬಣ್ದಲ್ಲಿ ಮದ್ವೆಗಂಡು ಮುಂದಾಗಿ ಓಯ್ತಾನಾ? ವಾಲಗ್ದೋರು ಮುಂದೆ, ಕಳಸ ಇಡ್ಕಂಡ ಎಂಗಸ್ರು ಮುಂದೆ. ದೊಡ್ಡೋನು ಇಂದ್ಲಿಂದ ಬತ್ತಾನೆ. ಅಂಗಂತ ಯೋಳು. ನಿಮ್ ಸಾಯೇಬಂಗೇನು ಮದ್ವೆ ಆಗಿಲ್ವಾ?"

ಮಾರನೆಯ ದಿನ ಅಂಗೈ ಒರೆಸಿಕೊಂಡು ಸ್ಪ್ರಿಂಗ್ ಬಾಗಿಲು ತಳ್ಳಿದೆ. ಅಚ್ಚುಕಟ್ಟಾದ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಸಾಹೇಬರು ತಲೆಯೆತ್ತಿದರು. ಬಾಯಿಂದ ಬಂದದ್ದು ಇಷ್ಟೆ: "ಮದ್ವೆಗಂಡು ಇಂದೆ ಬರ್ಬೇಕು ಸಾರ್."

"ಏನು?"

ಆಮೇಲೆ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಪೆನ್ನು ತಟ್ಟುವುದು ನಿಂತಿತು. ಹೊರಗೆ ಗುಮಾಸ್ತರ ಟೈಪ್‌ರೈಟರೂ ನಿಂತಿತು.

"ಅಂದರೆ ಮಳವಳ್ಳಿಯವನು ವಾಲಗ ಊದೋನು."

"ಹೌದು ಸಾರ್."

"ನಾನು ಮದುವೆಗಂಡು."

ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ಹೋಗಿ ಬನ್ನಿ. ಅಪ್ಪಣೆ ಕಾರ್ಡು ನಿಮ್ಮದು, ತಪ್ಪಿದರೆ ತಪ್ಪೂ ನಿಮ್ಮದೇ."

ಅಲ್ಲಿಯವರೆಗೆ ತಪ್ಪನ್ನು ಹಂಚಿಕೊಳ್ಳಲು ಜನರಿದ್ದರು. ಈಗ ನಾನೊಬ್ಬಳೇ.

ಸಾಹೇಬರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ರೈಲು ಹತ್ತಿದೆ. ಮದ್ದೂರು ನಿಲ್ದಾಣದಲ್ಲಿ ಉಳಿದೆರಡು ಪೆಟ್ಟಿಗೆಗಳನ್ನು ಎತ್ತಿಕೊಂಡು ಮಳವಳ್ಳಿಯ ಇಂಜಿನಿಯರ್ ಕಾಯುತ್ತಿದ್ದರು.

"ಏನಮ್ಮ, ಯೋಳ್ಬುಟ್ಯಾ?"

"ಹೇಳಿದೆ. ನಿಮ್ಮದೇ ಮೊದಲು ಹೋಗೋದು."

ಅವರ ಮುಖ ಬಿಳಿಚಿತು. "ನಂದಾ? ಮೊದ್ಲು ನಂದೇ ಸಿಕ್ಕಾಕಂಡ್ರೆ ನನ್ನ ಗತಿ ಏನಮ್ಮ? ಮದ್ದೂರ್ದು ಮುಂದಕ್ಕೆ ಬುಡು!" ರೈಲು ಅಲುಗಿತು. ಅವರು ಕಿಟಕಿಯ ಪಕ್ಕ ನಾಲ್ಕು ಹೆಜ್ಜೆ ಓಡಿ, "ಓಗ್ಲಿ, ಏನಾರ ಮಾಡ್ಕೊ!" ಎಂದು ಕೂಗಿದರು. ಸಾಹೇಬರನ್ನು ಬಿಟ್ಟರೆ ಯಾರಿಗೂ ಮುಂದೆ ಹೋಗುವ ಆಸೆ ಇರಲಿಲ್ಲ, ನೋಡಿ.

ಯಂತ್ರದ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಅಂಗಾಲು ಕೊರೆಯುವಷ್ಟು ತಂಪು. ಅಪ್ಪಣೆ ಕಾರ್ಡುಗಳನ್ನು ಹೊಸದಾಗಿ ತೂತು ಹೊಡೆಸಿ, ಪೆಟ್ಟಿಗೆಗಳ ನಡುವೆ ನಾನೇ ಸೇರಿಸಿದೆ. ಮಳವಳ್ಳಿಯ ಕಾರ್ಡುಗಳು ಸರ್ರನೆ ಒಳಗೆ ಹೋದವು. ಆಮೇಲೆ ಮದ್ದೂರಿನವು. ಕೊನೆಗೆ ಸಾಹೇಬರವು. ಅಚ್ಚಿನ ಯಂತ್ರ ಒಂದು ಸಾಲು ಹೊಡೆದು ನಿಂತಿತು.

ಹಿಂದಿನ ಎರಡು ಸಲವೂ ಹೀಗೇ ನಿಂತದ್ದು. ಕಣ್ಣು ಮುಚ್ಚಿಕೊಂಡೆ. ಬೆಳಕವಾಡಿಯ ಬಸ್ಸು, ಚಿಕ್ಕಪ್ಪನ ಕೈಲಿರುವ ಜಾತಕ, ಎಲ್ಲ ಕಂಡವು.

ಆಮೇಲೆ ಕಟಕಟ ಶುರುವಾಯಿತು, ನಿಲ್ಲಲೇ ಇಲ್ಲ. ಕೊನೆಗೆ ಕಣ್ಣು ಬಿಟ್ಟಾಗ ಹಾಳೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಹೊಳಲು ಎಂಬ ಊರಿನ ಹೆಸರಿತ್ತು, ಪಕ್ಕದಲ್ಲಿ ನೀರಿನ ಸರದಿ.

ಮರುದಿನ ಸಾಹೇಬರು ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಮೊದಲ ಪುಟದಲ್ಲಿ ಮಳವಳ್ಳಿಯ ಲೆಕ್ಕ. ಅವರ ಭಾಗ ಕೊಟ್ಟ ಊರೂರಿನ ಸರದಿ ತೀರ ಹಿಂದೆ. ಅಲ್ಲಿಗೆ ಬರುವವರೆಗೂ ಪುಟ ಎಣಿಸುತ್ತಾ ನಿಂತಿದ್ದೆ.

"ಬಂದಿದೆ" ಅಂದರು. ಹಾಳೆಗಳನ್ನು ಜೋಡಿಸುತ್ತಾ, "ನಾಳೆಯೂ ಬನ್ನಿ ಕೆಲಸಕ್ಕೆ. ಆದರೆ ಮುಂದಿನ ಸಲ ಕ್ರಮ ಯಾವುದು ಅಂತ ನನ್ನನ್ನ ಕೇಳಬೇಡಿ. ಕೇಳಿದರೆ ಮತ್ತೆ ನಮ್ಮದೇ ಮೊದಲು ಅಂದುಬಿಡ್ತೀನಿ."

ನಗಲಿಲ್ಲ. ನಾನೂ ನಗಲಿಲ್ಲ. ಬಾಗಿಲು ತಲುಪಿದಾಗ ಹಿಂದಿನಿಂದ ದನಿ ಬಂತು: "ಅಂದ ಹಾಗೆ, ನಿಮ್ಮ ಅಜ್ಜಿಗೆ ಹೇಳಿ, ನನಗೆ ಮದುವೆ ಆಗಿದೆ ಅಂತ."

ಹೆದರಿಕೆಯಲ್ಲಿ ಅದನ್ನೂ ಒದರಿದ್ದೆನೆಂದು ಆಗಲೇ ನನಗೆ ಗೊತ್ತಾದದ್ದು.